ಬೇವಿನ ಸೊಪ್ಪು ಕಟ್ಟಿದ ಬಾಗಿಲು

ಕಾಫಿ ಎಸ್ಟೇಟಿನ ಕೂಲಿ ಲೈನು ಅಂದರೆ ಒಂದೇ ಉದ್ದನೆಯ ಕಟ್ಟಡ. ಒಂದೇ ಮಾಡು, ಒಂದೇ ಜಗಲಿ. ನಡುನಡುವೆ ಗೋಡೆ ಎತ್ತಿ ಇದು ನಿಮ್ಮ ಮನೆ, ಅದು ಅವರ ಮನೆ ಎಂದು ಹೇಳಿಬಿಟ್ಟಿದ್ದಾರೆ ಅಷ್ಟೆ. ಆ ಗೋಡೆಗಳೂ ಮಾಡಿನ ತನಕ ಹೋಗುವುದಿಲ್ಲ, ಆಳೆತ್ತರಕ್ಕೆ ಬಂದು ಸುಸ್ತಾದವರ ಹಾಗೆ ನಿಂತುಬಿಡುತ್ತವೆ. ಹೆಂಚಿನ ಕೆಳಗೆ ಇವರ ಒಗ್ಗರಣೆಯ ಘಾಟು ಅವರ ಮೂಗಿಗೆ, ಅವರ ಜಗಳ ಇವರ ಕಿವಿಗೆ ಧಾರಾಳವಾಗಿ ಓಡಾಡಿಕೊಂಡಿರುತ್ತವೆ. ಇಂಥ ಕಡೆ ಬೆಳೆದವರಿಗೆ ಒಂಟಿತನ ಅಂದರೆ ಏನೆಂದು ಗೊತ್ತಾಗುವುದೇ ಕಷ್ಟ. ಮಂಜುಶ್ರೀಗೆ ಅದು ಎಂಟನೇ ಕ್ಲಾಸಿನಲ್ಲಿ ಗೊತ್ತಾಯಿತು.

ಅವಳಿದ್ದದ್ದು ಅಜ್ಜಿ ಕೆಂಚಮ್ಮನ ಜೊತೆ. ಅವ್ವ ಚಂದ್ರಿಕಾ ಸಕಲೇಶಪುರದಾಚೆ ಒಂದು ಹೋಮ್‌ಸ್ಟೇಯಲ್ಲಿ ಅಡುಗೆಗಿದ್ದಳು. ಶನಿವಾರ ಭಾನುವಾರ ಅಲ್ಲಿ ಜನವೋ ಜನ. ಹಾಗಾಗಿ ಊರ ಮಕ್ಕಳಿಗೆಲ್ಲ ರಜೆಯಿರುವ ದಿನ ಅವ್ವನಿಗೆ ಕೆಲಸ, ಅವ್ವ ಮನೆಗೆ ಬರುವ ಸೋಮವಾರ ಮಗಳಿಗೆ ಶಾಲೆ. ಸಂಜೆ ಇವಳು ಬಸ್ಸಿಳಿಯುವ ಹೊತ್ತಿಗೆ ಅವ್ವ ವಾಪಸ್ ಹೊರಡಲು ಜಡೆ ಹಾಕಿಕೊಳ್ಳುತ್ತಿರುತ್ತಿದ್ದಳು.

ಗೋಡೆಯಾಚೆ ಕಮಲಮ್ಮ. ಕೆಂಚಮ್ಮನ ಜೊತೆಗೇ ತೋಟದ ಕೆಲಸಕ್ಕೆ ಹೋಗುವವಳು, ಲೈನಿನಲ್ಲೆಲ್ಲ ಅವಳದೇ ದೊಡ್ಡ ಗಂಟಲು. ಕೆಂಚಮ್ಮನ ಮನೆಯಲ್ಲಿ ಟಿವಿ ಇರಲಿಲ್ಲ. ಅದಕ್ಕೇ ಸಂಜೆಯ ಧಾರಾವಾಹಿ ಮುಗಿದ ಕೂಡಲೇ ಕಮಲಮ್ಮ ಗೋಡೆಗೆ ಬೆನ್ನು ಕೊಟ್ಟು ಕೂತು ಅವತ್ತಿನ ಕಥೆಯನ್ನು ಈಚೆಗೆ ಕೂಗಿ ಹೇಳುತ್ತಿದ್ದಳು.

"ಸರ ಕದ್ದೋಳು ನಾದಿನಿ ಕಣೇ ಮಂಜಿ. ಸಿಕ್ಕಾಕ್ಕೊಂಡೋಳು ಆ ಪಾಪದ ಸೊಸೆ. ಹೂಂ ಅನ್ನೇ!"

"ಹೂಂ."

"ಹಂಗೆ ಹೂಂ ಅಂತಿರು. ನೀ ಹೂಂ ಅನ್ದಿದ್ರೆ ನಾನೇನು ಗೋಡೆಗೆ ಕತೆ ಹೇಳೋಳಾ?"

ಬಾಳ್ಳುಪೇಟೆಯ ಹೈಸ್ಕೂಲಿಗೆ ಹೋಗುವ ಬಸ್ಸು ಎಸ್ಟೇಟಿನ ಗೇಟಿನ ಹತ್ತಿರ ನಿಲ್ಲುತ್ತಿತ್ತು. ಲೈನಿನಿಂದ ಗೇಟಿಗೆ ತೋಟದ ಮಣ್ಣುರಸ್ತೆ. ಮೊದಮೊದಲು ಮೇಲಿನ ಲೈನಿನ ಪವಿತ್ರ ಜೊತೆಗಿದ್ದಳು. ಅವಳ ಮನೆಯವರು ಬೇರೆ ತೋಟಕ್ಕೆ ಗಂಟುಮೂಟೆ ಕಟ್ಟಿದ ಮೇಲೆ ಆ ರಸ್ತೆಯಲ್ಲಿ ಮಂಜುಶ್ರೀ ಒಬ್ಬಳೇ.

ಆಯುಧಪೂಜೆ ಕಳೆದ ಮೇಲೆ ಒಂದು ಸಂಜೆ, ಕೆರೆ ತಿರುವಿನಲ್ಲಿ, ರೋಬಸ್ಟಾ ಕಾಫಿಗಿಡಗಳ ನಡುವೆ ಕೊಂಬೆ ಲಟಲಟ ಮುರಿಯುವ ಸದ್ದು ಕೇಳಿತು. ತಲೆಯೆತ್ತಿದರೆ ಮೊರದಗಲದ ಕಿವಿ ಬೀಸುತ್ತಿತ್ತು. ಆನೆ ಕಂಡರೆ ಓಡಬೇಡ, ಮರದಂಗೆ ನಿಂತುಕೋ ಎಂದು ಅಜ್ಜಿ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದಳು. ಮಂಜುಶ್ರೀ ಮರದ ಹಾಗೆ ನಿಂತಳು. ಆನೆ ಒಮ್ಮೆ ಅವಳ ಕಡೆ ನೋಡಿ ಮತ್ತೆ ಮೇಯತೊಡಗಿತು. ಅದಕ್ಕೆ ಯಾವ ಅವಸರವೂ ಇರಲಿಲ್ಲ. ತೋಟದ ಲೆಕ್ಕ ಬರೆಯುವ ರೈಟರ್ ಯೋಗಾನಂದನ ಬೈಕು ಬರಬಹುದು, ಹಾಲಿನವನು ಬರಬಹುದು ಎಂದು ಅವಳು ಕಿವಿಗೊಟ್ಟೇ ಇದ್ದಳು. ಬ್ಯಾಗಿನ ಪಟ್ಟಿ ಭುಜ ಕೊರೆಯುತ್ತಿತ್ತು. ಯಾರೂ ಬರಲಿಲ್ಲ. ಹೊಟ್ಟೆ ತುಂಬಿದ ಮೇಲೆ ಆನೆ ತಾನಾಗಿ ಹೋಯಿತು.

"ಯಾಕೇ ಇಷ್ಟ್ ಲೇಟು?" ಎಂದು ಅಜ್ಜಿ ಕೇಳಿದಾಗ "ಬಸ್ ಲೇಟು" ಎಂದಳು. ಆನೆ ಇನ್ನೊಂದು ಸಲ ಆ ದಾರಿಗೆ ಬಂತೋ, ನಿನ್ನ ಶಾಲೆ ಸಾಕು, ಮನೆಯಲ್ಲಿರು ಎಂದು ಕೆಂಚಮ್ಮ ಮೊದಲೇ ಹೇಳಿಟ್ಟಿದ್ದಳು. ಮಂಜುಶ್ರೀಗೆ ಶಾಲೆ ಬೇಕಾಗಿತ್ತು. ಅದಕ್ಕೇ ಬಾಯಿ ಬಿಡಲಿಲ್ಲ.

ಕೆಲವು ದಿನ ಕಳೆದು ಬಸ್ಸಿಳಿದಾಗ ಎಡಗಾಲು ಅವಳ ಹಿಂದೆ ಬರಲಿಲ್ಲ. ನಡೆಯೋಣ ಎಂದುಕೊಂಡರೆ ಅದು ಇನ್ನೊಬ್ಬರ ಕಾಲಿನ ಹಾಗೆ ಸುಮ್ಮನಿತ್ತು. ಬಲಗಾಲು ಗಡಗಡ ನಡುಗಿ ಕುಸಿಯಿತು. ಯೋಗಾನಂದ ಜೀಪು ತಂದು ಮನೆಗೆ ಮುಟ್ಟಿಸಿದ. ಅವತ್ತಿನಿಂದ ಅವಳಿಗೆ ಎದ್ದು ನಿಲ್ಲಲಾಗಲಿಲ್ಲ.

ಲೈನಿಗೆ ಲೈನೇ ನೆರೆಯಿತು. ಹಿತ್ತಲಿಗೆ ಹೋಗಬೇಕೆಂದರೆ ಎತ್ತಿಕೊಳ್ಳಲು ಕೈಗಳು ತಾ ಮುಂದು ನಾ ಮುಂದು ಎಂದವು. ಅರಳೆಣ್ಣೆ ಬಂತು, ಆಲೂರು ಕಡೆಯ ಮಂತ್ರದ ದಾರ ಬಂತು. ಒಳಗೆ ಬಂದವರೆಲ್ಲ ಮೊದಲು ಕೇಳುತ್ತಿದ್ದದ್ದು ಒಂದೇ: "ಹೆಂಗೈತೆ ಕಾಲು?" ಕೇಳಿದಾಗಲೆಲ್ಲ ಮಂಜುಶ್ರೀ ಕಾಲನ್ನು ನೋಡುತ್ತಿದ್ದಳು. ನೋಡಿದಾಗಲೆಲ್ಲ ಅದು ಇನ್ನಷ್ಟು ಭಾರವಾಗುತ್ತಿತ್ತು.

ಹಾಸನದ ದೊಡ್ಡಾಸ್ಪತ್ರೆಯಲ್ಲಿ ತಲೆ, ಬೆನ್ನು ಎಲ್ಲ ಸ್ಕ್ಯಾನ್ ಮಾಡಿದರು. ನರದ ಡಾಕ್ಟರು ಮಂಡಿ ತಟ್ಟಿ, ಅಂಗಾಲು ಗೀರಿ ನೋಡಿದರು. ನರಕ್ಕೆ ಹಾನಿಯಾಗಿಲ್ಲ, ಇದಕ್ಕೆ ಬೇರೆ ಥರದ ಚಿಕಿತ್ಸೆ ಇದೆ, ಮುಂದಿನ ವಾರ ಅನಿಶಾ ಮೇಡಂ ಹತ್ತಿರ ಬನ್ನಿ ಎಂದರು. ಲೈನಿಗೆ ಮುಟ್ಟಿದ್ದು ಅದರಲ್ಲಿ ಅರ್ಧ ಮಾತ್ರ: ಏನೂ ಇಲ್ಲವಂತೆ.

ಆ ವಾರ ಗೋಡೆಯಾಚೆಯಿಂದ ಕಮಲಮ್ಮ ಯಾರಿಗೋ ಹೇಳಿದ್ದು ಹೆಂಚಿನ ಕೆಳಗೆ ಹಾದು ಬಂತು. "ಏನೂ ಇಲ್ಲ ಅಂದ್ಮೇಲೆ ಇನ್ನೇನು? ಇಸ್ಕೂಲ್ ತಪ್ಸೋಕೆ ನಾಟ್ಕ ಆಡ್ತಾವ್ಳೆ ಕಣೇ. ನಾನೂ ಚಿಕ್ಕೋಳಿದ್ದಾಗ ಹೊಟ್ಟೆನೋವು ಅಂತಿದ್ದೆ."

ಶಾಲೆ ತಪ್ಪಬಾರದು ಎಂದೇ ಆನೆಯನ್ನು ಹೊಟ್ಟೆಯಲ್ಲಿಟ್ಟುಕೊಂಡವಳು ಮಂಜುಶ್ರೀ. ಅವತ್ತು ಕಮಲಮ್ಮ ಕಥೆ ಹೇಳಿದಾಗ ಅವಳು ಹೂಂ ಎನ್ನಲಿಲ್ಲ.

ಅನಿಶಾ ಮೇಡಂ ಮಕ್ಕಳ ಮನಸ್ಸಿನ ಚಿಕಿತ್ಸೆ ಮಾಡುವವರು. ಮನೆಯವರು ಹಿಂದೆ ಮಂಗಳೂರಿನಿಂದ ಘಟ್ಟ ಹತ್ತಿ ಸಕಲೇಶಪುರದಲ್ಲಿ ನೆಲೆನಿಂತವರಾದ್ದರಿಂದ ಲೈನು, ತೋಟ ಎಲ್ಲ ಗೊತ್ತಿತ್ತು. ಬಾಬ್ ಕಟ್, ಕತ್ತಿನಲ್ಲಿ ಸಣ್ಣ ಶಿಲುಬೆ. ಮೊದಲ ಮಾತೇ ಅವರು ಬೇರೆ ಕೇಳಿದರು.

"ನಾಟಕ ಅಂತ ಯಾರಾದ್ರೂ ಅಂದ್ರಾ ನಿಂಗೆ?"

ಮಂಜುಶ್ರೀಯ ಕಣ್ಣು ತುಂಬಿತು.

"ನಾಟಕ ಅಲ್ಲ. ನೀನು ಬೇಕಂತ ಮಾಡ್ತಾ ಇಲ್ಲ. ಅದು ನಂಗೆ ಗೊತ್ತು, ನಿಂಗೂ ಗೊತ್ತಿರಲಿ."

"ಹಂಗಾದ್ರೆ ಗಾಳಿಯಾ ಮೇಡಂ?" ಎಂದಳು ಕೆಂಚಮ್ಮ.

"ಗಾಳಿಯೂ ಅಲ್ಲ ಅಜ್ಜಿ. ಇಲ್ಲಿ ಬನ್ನಿ, ಕೈ ಕೊಡಿ."

ಮಂಜುಶ್ರೀಯನ್ನು ಮಂಚದ ಮೇಲೆ ಅಂಗಾತ ಮಲಗಿಸಿದ್ದರು. ಎಡಗಾಲಿನ ಹಿಮ್ಮಡಿಯ ಕೆಳಗೆ ಮೇಡಂ ಕೆಂಚಮ್ಮನ ಅಂಗೈ ಇಡಿಸಿದರು. "ಈ ಕಾಲು ಒತ್ತು" ಎಂದಾಗ ಏನೂ ಆಗಲಿಲ್ಲ. "ಸರಿ, ಅದನ್ನ ಮರೆತುಬಿಡು. ಈಗ ಬಲಗಾಲು ಎತ್ತು. ನಾನು ಮೇಲಿಂದ ಅದುಮಿ ಹಿಡೀತೇನೆ, ಸೋಲಬೇಡ, ಎತ್ತು!" ಎಂದರು. ಮಂಜುಶ್ರೀ ಹಲ್ಲುಕಚ್ಚಿ ಬಲಗಾಲು ಎತ್ತಲು ನೋಡಿದಳು.

"ಅಯ್ಯಯ್ಯೋ, ಒತ್ತುತಾ ಐತೆ!" ಎಂದು ಕೆಂಚಮ್ಮ ಕೂಗಿಬಿಟ್ಟಳು. "ಎಡಗಾಲು ನನ್ ಕೈನ ಒತ್ತುತಾ ಐತೆ ಕಣ್ರೀ!"

"ನೋಡಿದ್ರಾ? ಶಕ್ತಿ ಎಲ್ಲೂ ಹೋಗಿಲ್ಲ. ನಿಮ್ಮ ತೋಟದಲ್ಲಿ ಸ್ಪ್ರಿಂಕ್ಲರ್ ಇದೆ ಅಲ್ವಾ? ಮೋಟಾರು ಸರಿ ಇದೆ, ಪೈಪು ಒಡೆದಿಲ್ಲ, ಕೆರೆಯಲ್ಲಿ ನೀರಿದೆ. ಸ್ಟಾರ್ಟರ್ ಹಿಡೀತಾ ಇಲ್ಲ ಅಷ್ಟೆ. ಸ್ಕ್ಯಾನಲ್ಲಿ ಕಾಣೋದು ಪೈಪು. ಸ್ಟಾರ್ಟರ್ ಹಿಡೀದೇ ಇರೋದು ಅದ್ರಲ್ಲಿ ಕಾಣಲ್ಲ. ನಿಧಾನವಾಗಿ ಹಿಡಿಸೋಣ."

ಅಜ್ಜಿಯನ್ನು ಆಚೆ ಕೂರಿಸಿ, ಕಾಲು ಹೀಗಾಗುವ ಮುಂಚೆ ಏನಾದರೂ ಆಗಿತ್ತಾ ಎಂದು ಕೇಳಿದರು. "ಏನಿಲ್ಲ" ಎಂದಳು ಮಂಜುಶ್ರೀ. "ಇಲ್ಲದಿದ್ರೆ ಬೇಡ. ಇದ್ರೂ ಅವಸರ ಇಲ್ಲ" ಎಂದು ಮೇಡಂ ಅಲ್ಲಿಗೇ ಬಿಟ್ಟರು.

ಹೊರಡುವಾಗ ಕೆಂಚಮ್ಮನಿಗೆ ಹೇಳಿದರು: "ಮನೆಯಲ್ಲಿ ಕಾಲಿನ ಬಗ್ಗೆ ಯಾರೂ ಕೇಳಬೇಡಿ. ಹೇಗಿದೆ, ನೋವಾ, ಯಾವುದೂ ಬೇಡ. ಎತ್ತಿಕೊಂಡು ತಿರುಗಬೇಡಿ. ಎಲ್ಲರ ಗಮನ ಅಲ್ಲಿ ಹೋದಷ್ಟೂ ಅದು ಗಟ್ಟಿಯಾಗ್ತದೆ. ಲೈನಿನವರಿಗೂ ಹೇಳಿ." ಇನ್ನೂ ಏನೋ ಹೇಳುವವರಿದ್ದರು. ಅಷ್ಟರಲ್ಲಿ ಹೊರಗೆ ಕಾಯುತ್ತಿದ್ದ ಒಂದು ಮಗುವಿಗೆ ಫಿಟ್ಸಿನಂತೆ ಬಂದು, ನರ್ಸು ಕೂಗಿದಳೆಂದು ಎದ್ದು ಓಡಿದರು.

ಸಂಜೆ ಕೆಂಚಮ್ಮ ಜಗಲಿಯಲ್ಲಿ ನಿಂತು ಲೈನಿನವರಿಗೆಲ್ಲ ಸಾರಿದಳು. ನಾಟಕವಲ್ಲ ಅಂತೆ. ಗಾಳಿಯಲ್ಲ ಅಂತೆ. ಕಾಯಿಲೆ ಐತಂತೆ. ಆದರೆ ಅದರ ಮಾತು ಎತ್ತಬಾರದು, ಕೇಳಬಾರದು, ಮುಟ್ಟಿ ಎತ್ತಬಾರದು.

ಜನ ಮುಖ ಮುಖ ನೋಡಿಕೊಂಡರು. ಇಂಥ ಕಾಯಿಲೆಯನ್ನು ಅವರು ಕಂಡಿರಲಿಲ್ಲ. ಕಮಲಮ್ಮನ ಮುಖ ಒಮ್ಮೆಗೇ ಬೆಳಗಿತು.

"ಗೊತ್ತಾಯ್ತು ಬುಡಕ್ಕ! ಅಮ್ಮ ಬಂದಾಗ ಮಾಡ್ದಂಗೆ."

ಎಲ್ಲರಿಗೂ ಉಸಿರು ಬಂತು. ಮೈಮೇಲೆ ನೀರುಗುಳ್ಳೆ ಏಳುವ ಆ ಕಾಯಿಲೆಗೆ ಅಲ್ಲಿ ಯಾರೂ ಹೆಸರಿಡುವುದಿಲ್ಲ, ಅಮ್ಮ ಬಂದಿದ್ದಾಳೆ ಅನ್ನುತ್ತಾರೆ. ಅಮ್ಮ ಬಂದ ಮನೆಗೆ ಹೇಗೆ ನಡೆದುಕೊಳ್ಳಬೇಕೆಂದು ಹಸುಗೂಸಿಗೂ ಗೊತ್ತು. ಹೊಸ್ತಿಲು ದಾಟಬಾರದು. ಹೇಗಿದ್ದೀ ಎಂದು ಕೇಳಬಾರದು, ಕೇಳಿದರೆ ಅಮ್ಮನಿಗೆ ಸಿಟ್ಟು. ಎತ್ತರದ ದನಿ ಬೇಡ, ಒಗ್ಗರಣೆ ಬೇಡ, ಬಾಗಿಲಿಗೆ ಬೇವಿನ ಸೊಪ್ಪು. ಆ ತೋಟದ ಆಸುಪಾಸು ಬೇವಿನ ಮರವಿಲ್ಲ. ಕಮಲಮ್ಮ ಪಾಳ್ಯದ ತವರುಮನೆಗೆ ಫೋನು ಮಾಡಿ ಸೊಪ್ಪು ತರಿಸಿ, ತಾನೇ ಸ್ಟೂಲು ಹತ್ತಿ ಬಾಗಿಲ ಮೇಲೆ ಕಟ್ಟಿದಳು. ನಾಟಕ ಎಂದು ಆಡಿದ್ದಕ್ಕೆ ಅವಳಿಗೆ ಒಳಗೊಳಗೇ ಕೊರೆಯುತ್ತಿತ್ತು. ಈಗ ಮಾಡುವುದನ್ನಾದರೂ ಚೊಕ್ಕವಾಗಿ ಮಾಡಬೇಕು ಅನ್ನಿಸಿತ್ತು.

ಎಲ್ಲರೂ ಚೊಕ್ಕವಾಗಿಯೇ ಮಾಡಿದರು. ಅದೇ ಕೇಡಾಯಿತು.

ಗೋಡೆಯಾಚೆಯ ಟಿವಿ ಪಿಸುಗುಟ್ಟಿತು. ಕಥೆ ನಿಂತಿತು. ಲೈನಿನ ಮಕ್ಕಳು ಬಾಗಿಲ ಮುಂದೆ ಬಂದರೆ ತುದಿಗಾಲಲ್ಲಿ ದಾಟಿಹೋಗುತ್ತಿದ್ದರು. ಯಾರೋ ಪಲ್ಯ ತಂದಿಟ್ಟು ಹೋಗುತ್ತಿದ್ದರು. ಹೊಸ್ತಿಲ ಹೊರಗೆ ಬಟ್ಟಲು ಕಾಣುತ್ತಿತ್ತು, ಇಟ್ಟ ಕೈ ಕಾಣುತ್ತಿರಲಿಲ್ಲ. ಮಂಜುಶ್ರೀ ಕೂತಲ್ಲೇ ಜರುಗುತ್ತ ಹಿತ್ತಲ ಬಾಗಿಲ ತನಕ ಹೋಗಿ ಬರುತ್ತಿದ್ದಳು. ಅಜ್ಜಿ ಪಕ್ಕದಲ್ಲಿ ಬರುತ್ತಿದ್ದಳು, ಕೈ ಚಾಚುತ್ತಿರಲಿಲ್ಲ. ಮಂಜುಶ್ರೀ ನೋಡಿದರೆ ಅಜ್ಜಿ ಹೆಂಚು ನೋಡುತ್ತಿದ್ದಳು.

ತಾನೇನು ತಪ್ಪು ಮಾಡಿದೆ ಎಂದು ಅವಳಿಗೆ ತಿಳಿಯಲಿಲ್ಲ. ಆನೆಯ ಎದುರು ನಿಂತಾಗಲೂ ಯಾರೂ ಬರಲಿಲ್ಲ, ಆದರೆ ಅವತ್ತು ಯಾರಿಗೂ ಗೊತ್ತಿರಲಿಲ್ಲ. ಈಗ ಎಲ್ಲರಿಗೂ ಗೊತ್ತು, ಎಲ್ಲರೂ ಗೋಡೆಯ ಆಚೆಯೇ ಇದ್ದಾರೆ, ಅವರು ನೀರು ಕುಡಿಯುವುದೂ ಕೇಳುತ್ತದೆ. ಇದು ಅದಕ್ಕಿಂತ ದೊಡ್ಡ ಒಂಟಿತನ ಅನ್ನಿಸಿತು.

ಸೋಮವಾರ ಅವ್ವ ಬಂದಳು. ಜಗಲಿಯಲ್ಲೇ ಕಾಲು ತೊಳೆಸಿ, ರೂಢಿಯನ್ನೆಲ್ಲ ಕಿವಿಯಲ್ಲಿ ಹೇಳಿ ಹೊಸ್ತಿಲಾಚೆ ಕೂರಿಸಿದರು. ಅವ್ವ ಅಲ್ಲಿ, ಮಗಳು ಇಲ್ಲಿ. ಚಂದ್ರಿಕಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಳು. ಒಮ್ಮೆ "ಊಟ..." ಎಂದು ಬಾಯಿ ತೆಗೆದವಳು, ಅದನ್ನಾದರೂ ಕೇಳಬಹುದೋ ಇಲ್ಲವೋ ತಿಳಿಯದೆ ನುಂಗಿಕೊಂಡಳು. ಶಾಲೆಯಿಲ್ಲದ ಸೋಮವಾರ, ಹಗಲಿಡೀ ಅವ್ವ ಎದುರಿಗಿದ್ದಳು. ಒಂದು ಮಾತಿಲ್ಲ.

ಆ ಮನೆಯ ಹೊಸ್ತಿಲು ದಾಟಿದ್ದು ಒಂದೇ ಜೀವ, ಕಮಲಮ್ಮನ ಬೋಳುಕತ್ತಿನ ಕೋಳಿ. ಅದು ದಿನವೂ ಬೇವಿನ ಸೊಪ್ಪಿನ ಕೆಳಗೆ ನುಸುಳಿ ಬಂದು, ಚಾಪೆ ಸುತ್ತ ಕೆದಕಿ, ಕತ್ತು ಓರೆಮಾಡಿ ಮಂಜುಶ್ರೀಯನ್ನು ದಿಟ್ಟಿಸುತ್ತಿತ್ತು. ಮಂಜುಶ್ರೀ ಅದಕ್ಕೆ ಶಾಲೆಯ ಸುದ್ದಿ ಹೇಳುತ್ತಿದ್ದಳು. ಒಂದು ದಿನ ಅದು ಅನ್ನದ ತಟ್ಟೆಗೇ ಬಾಯಿ ಹಾಕಿತು. ಹುಶ್ ಎಂದು ಗದರಿಸಲು ಹೋದರೆ ಬಾಯಿಂದ ಬರೀ ಗಾಳಿ ಬಂತು. ಮತ್ತೆ ಪ್ರಯತ್ನಿಸಿದಳು. ಅಜ್ಜೀ ಎಂದು ಕೂಗಲು ನೋಡಿದಳು. ದನಿ ಹೊರಟುಹೋಗಿತ್ತು.

ಕೆಂಚಮ್ಮ ಹೆದರಿದಳು. ರೂಢಿಯಲ್ಲಿ ಎಲ್ಲಿ ಲೋಪವಾಯಿತೋ ಎಂದು ಲೈನಿನವರು ಬೇವಿನ ಸೊಪ್ಪು ಬದಲಾಯಿಸಿ ಹೊಸದು ಕಟ್ಟಿದರು. ಯೋಗಾನಂದ ಮಾತ್ರ "ಸೊಪ್ಪು ಗಿಪ್ಪು ಆಮೇಲೆ ಕಟ್ಕಳಿ, ಮೊದ್ಲು ಜೀಪ್ ಹತ್ತಿ" ಎಂದು ಗದರಿಸಿ ಹಾಸನಕ್ಕೆ ಕರೆದುಕೊಂಡು ಹೋದ.

ಅನಿಶಾ ಮೇಡಂ ಗಂಟಲು ನೋಡುವ ಡಾಕ್ಟರಿಗೆ ತೋರಿಸಿ ಬಂದರು. ಗಂಟಲು ನೆಟ್ಟಗಿತ್ತು. "ಒಮ್ಮೆ ಕೆಮ್ಮು" ಎಂದರು. ಮಂಜುಶ್ರೀ ಕೆಮ್ಮಿದಳು. ಸದ್ದಿತ್ತು. "ದನಿ ಅಲ್ಲೇ ಇದೆ. ಸ್ಟಾರ್ಟರ್ ಇಲ್ಲೂ ಮುನಿಸಿಕೊಂಡಿದೆ" ಎಂದು ನಕ್ಕು, ಕೆಂಚಮ್ಮನ ಕಡೆ ತಿರುಗಿದರು.

"ಮನೆಯಲ್ಲಿ ಇವಳ ಹತ್ರ ಯಾರ್ಯಾರು ಮಾತಾಡ್ತಾರೆ ಅಜ್ಜಿ?"

"ಒಬ್ರೂ ಇಲ್ಲ ಕಣವ್ವ!" ಎಂದಳು ಕೆಂಚಮ್ಮ, ಪರೀಕ್ಷೆಯಲ್ಲಿ ಪಾಸಾದವಳ ಹಾಗೆ. "ನೀವ್ ಹೇಳ್ದಂಗೇ ಮಾಡೀವಿ. ಅಮ್ಮ ಬಂದಂಗೆ ಸೊಪ್ಪು ಕಟ್ಟಿ, ಒಬ್ರನ್ನೂ ಒಳೀಕೆ ಬಿಟ್ಟಿಲ್ಲ. ಹೆತ್ತೋಳ್ನೂ ಮಾತಾಡ್ಸೋಕೆ ಬಿಟ್ಟಿಲ್ಲ."

ಮೇಡಂ ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲಿಟ್ಟರು.

"ದೇವರೇ. ನಂದೇ ತಪ್ಪು ಅಜ್ಜಿ. ಅರ್ಧ ಹೇಳಿ ಎದ್ದು ಓಡಿಬಿಟ್ಟೆ. ಕಾಲನ್ನ ಬಿಡಿ ಅಂದೆ ನಾನು. ಮಗೂನ ಬಿಡಿ ಅಂತಲ್ಲ."

ಕೆಂಚಮ್ಮನ ಮುಖ ಇಳಿಯಿತು. ಏನಾದರೂ ಹೇಳಿ ಸರಿಮಾಡಬೇಕು ಅನ್ನಿಸಿತೋ ಏನೋ, "ಆ ಕೋಳಿ ಒಂದ್ ಮಾತ್ ಕೇಳ್ಲಿಲ್ಲ ನೋಡಿ. ದಿನಾ ನುಗ್ಗೋದು. ಎಷ್ಟ್ ಸಲ ಹೇಳ್ದೆ ಅದ್ಕೆ, ಅಮ್ಮ ಬಂದವ್ಳೆ, ಒಳೀಕೆ ಹೋಗ್ಬ್ಯಾಡ ಅಂತ" ಎಂದಳು.

ಮಂಜುಶ್ರೀಗೆ ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ. ಕಿಸಕ್ಕೆಂದು ಬಂದ ನಗು ದನಿ ಸಮೇತ ಬಂತು, ಅದರ ಬಾಲಕ್ಕೇ ಅಳು ಬಂತು, ಅದಕ್ಕೂ ದನಿಯಿತ್ತು. ಮೇಡಂ ಅವಳನ್ನು ಅಳಲು ಬಿಟ್ಟರು. ಕೆಂಚಮ್ಮ ತಬ್ಬಿಕೊಳ್ಳಲು ಎದ್ದವಳು ನಡುದಾರಿಯಲ್ಲಿ ನಿಂತು, "ಮುಟ್ಬಹುದಾ?" ಎಂದು ಕೇಳಿದಳು.

"ಮುಟ್ಟಿ ಅಜ್ಜಿ. ದಯವಿಟ್ಟು ಮುಟ್ಟಿ."

ಅಳು ನಿಂತ ಮೇಲೆ ಮೇಡಂ ಮಂಜುಶ್ರೀಯನ್ನು, ಯೋಚನೆ ಮಾಡದೆ ಕೈಕಾಲು ತಾವಾಗಿ ಮಾಡುವ ಕೆಲಸ ಯಾವುದಾದರೂ ಇದೆಯಾ ಎಂದು ಕೇಳಿದರು. ಅವಳು ಒಡಕು ದನಿಯಲ್ಲಿ, "ಹಣ್ಣು ಕುಯ್ಯೋದು" ಎಂದಳು. ಲೈನಿನ ಹಿಂದಿನ ಕಾಫಿಗಿಡಗಳಲ್ಲಿ ಚಿಕ್ಕಂದಿನಿಂದ ಅಜ್ಜಿಯ ಜೊತೆ ಕುಯ್ದು ಅಭ್ಯಾಸ. ಕಣ್ಣು ಹಣ್ಣಿನ ಮೇಲೆ, ಕೈ ರೆಂಬೆಯ ಮೇಲೆ, ಕಾಲು ತನ್ನಷ್ಟಕ್ಕೆ ಗಿಡ ಸುತ್ತುತ್ತ ಅಡ್ಡಡ್ಡ ಸರಿಯುತ್ತಿರುತ್ತದೆ. ಕುಯ್ಯುವಾಗ ಯಾರೂ ಕಾಲು ನೋಡಿಕೊಳ್ಳುವುದಿಲ್ಲ.

"ಹಾಗಾದ್ರೆ ಕುಯ್ಯೋಣ ಮಾರಾಯ್ತಿ. ನಂಗೂ ಕಲಿಸು" ಎಂದರು ಮೇಡಂ. ಕಿಟಕಿಯ ಪರದೆಯಲ್ಲಿ ಕೆಂಪು ಹೂವಿನ ಚಿತ್ರಗಳಿದ್ದವು. ಅವಳನ್ನು ಅದರ ಪಕ್ಕದ ಮೇಜಿಗೆ ಒರಗಿಸಿ ನಿಲ್ಲಿಸಿ, ಆ ಹೂಗಳನ್ನೇ ಹಣ್ಣೆಂದು ಒಂದೊಂದಾಗಿ ಮುಟ್ಟಲು ಹೇಳಿದರು. ಬಲಗಾಲು ಸರಿಯಿತು. ಎಡಗಾಲು ಹಿಂದೆಯೇ ಸರಿಯಿತು. ಮಂಜುಶ್ರೀ ಬೆರಗಾಗಿ ಕೆಳಗೆ ನೋಡಿದ್ದೇ ತಡ, ನಡುಕ ಬಂದು ಕುಸಿದು ಕೂತಳು.

"ಕಾಲು ನೋಡಿದೆ ನೀನು. ಕಳ್ಳಿ. ಹಣ್ಣು ನೋಡು."

ಈ ಸಲ ಮೇಡಂ ಪೂರ್ತಿ ಹೇಳಿದರು. ದಿನವೂ ಗಿಡದ ಹತ್ತಿರ ಸ್ವಲ್ಪ ಹೊತ್ತು. ಬಿದ್ದರೆ ಪೆಟ್ಟಾಗಿಲ್ಲವೆಂದು ನೋಡಿ, ಪಕ್ಕದಲ್ಲಿ ಕೂತುಕೊಳ್ಳಿ, ಅವಳೇ ಏಳಲಿ. ಕಾಲೊಂದನ್ನು ಬಿಟ್ಟು ಲೋಕದ ಮಾತೆಲ್ಲ ಆಡಿ. ಶಾಲೆ ಬಿಡಿಸಬೇಡಿ. ವಾರಕ್ಕೊಮ್ಮೆ ನನ್ನ ಹತ್ತಿರ ಬರಲಿ; ಎದೆ ಹೊಡೆದುಕೊಳ್ಳಲು ಶುರುವಾದಾಗ ಉಸಿರು ಹೇಗೆ ಬಿಡಬೇಕೆಂದು ಕಲಿಸುತ್ತೇನೆ. ಒಂದೇ ದಿನದಲ್ಲಿ ಆಗಲ್ಲ, ಆಗುತ್ತದೆ. ಕೆಂಚಮ್ಮ ಪ್ರತಿಯೊಂದನ್ನೂ ಬಾಯಿಪಾಠ ಒಪ್ಪಿಸಿ, ಸರಿಯೆನ್ನಿಸಿಕೊಂಡ ಮೇಲೆಯೇ ಎದ್ದಳು.

ಬೇವಿನ ಸೊಪ್ಪನ್ನು ಕಮಲಮ್ಮನೇ ಬಿಚ್ಚಿದಳು. ಅವತ್ತು ಸಂಜೆ ಜನ ಮತ್ತೆ ಒಳಗೆ ಬಂದರು, ಬಂದು ಗೋಡೆಗೊರಗಿ ಸುಮ್ಮನೆ ಕೂತರು. ಕಾಲಿನ ಸುದ್ದಿ ಬಿಟ್ಟು ಮಾತೇನೆಂದು ಯಾರಿಗೂ ಹೊಳೆಯಲಿಲ್ಲ.

"ಊಟ ಆಯ್ತಾ ಮಂಜಿ?" ಎಂದ ಒಬ್ಬ.

"ಆಯ್ತು."

"ಊಟ ಆಯ್ತಾ?" ಎಂದಳು ಇನ್ನೊಬ್ಬಳು.

"ಥೂ, ಈಗ್ತಾನೆ ಕೇಳ್ಲಿಲ್ವಾ ಅವ್ನು?" ಎಂದು ಕಮಲಮ್ಮ ಬೈದಳು. "ಒಬ್ರ್ ಬಾಯಲ್ಲೂ ಬೇರೆ ಮಾತಿಲ್ಲ ನೋಡು. ಬರೀ ಊಟ, ಇಲ್ದಿದ್ರೆ ಕಾಯ್ಲೆ. ಬದ್ಕಿದೀವಾ ನಾವು?" ಎಲ್ಲರೂ ನಕ್ಕರು. ಅವರು ಎದ್ದುಹೋದ ಮೇಲೆ ಅವಳೊಬ್ಬಳು ಉಳಿದು, ನೆಲ ನೋಡುತ್ತ, "ನಾಟ್ಕ ಅಂದಿದ್ದೆ ನಾನು. ಕೇಳಿಸ್ತಾ ನಿಂಗೆ?" ಎಂದಳು.

"ಹೂಂ" ಎಂದಳು ಮಂಜುಶ್ರೀ.

ಕಮಲಮ್ಮ ಚಾಪೆಯ ಮೇಲಿನ ಕೋಳಿಯನ್ನು ಎತ್ತಿ ಕಂಕುಳಲ್ಲಿಟ್ಟುಕೊಂಡು ಹೋದಳು.

ಹಣ್ಣಿನ ಕಾಲ ಏರಿತು. ಲೈನಿನ ಹಿಂದಿನ ಗಿಡಗಳ ನಡುವೆ ಮಂಜುಶ್ರೀ ಸೊಂಟಕ್ಕೆ ಚೀಲ ಕಟ್ಟಿಕೊಂಡು ನಿಂತಳು, ಬಿದ್ದಳು, ಕೂತಳು, ಮತ್ತೆ ನಿಂತಳು. ಕೆಲವು ದಿನ ಒಂದು ಗಿಡ ಸುತ್ತುವುದೂ ಆಗುತ್ತಿರಲಿಲ್ಲ. ಕೆಲವು ದಿನ ಚೀಲ ತುಂಬಿರುತ್ತಿತ್ತು, ಕಾಲಿತ್ತೆಂಬುದೇ ಮರೆತಿರುತ್ತಿತ್ತು. ಅವ್ವ ಈಗ ಅಡುಗೆಮನೆಯ ಕೆಲಸ ಮುಗಿಸಿ ದಿನವೂ ಫೋನು ಮಾಡುತ್ತಿದ್ದಳು. ಆದರೂ ಮಂಜುಶ್ರೀಯ ಒಳಗೆ ಒಂದು ಜಾಗದಲ್ಲಿ ಆನೆ ಇನ್ನೂ ನಿಂತೇ ಇತ್ತು. ಅನಿಶಾ ಮೇಡಂಗೆ ಮೂರನೆಯ ಸಲ ಹೋದಾಗ ಹೇಳಿದ್ದಳು. ಇದೇ ಕಾರಣ ಅಂತ ನಾನು ಹೇಳಲ್ಲ, ಆದರೆ ಇಷ್ಟು ದೊಡ್ಡದನ್ನು ಒಬ್ಬಳೇ ಹೊರಬೇಡ ಎಂದಿದ್ದರು ಅವರು. ಅಜ್ಜಿಗೆ ಹೇಳುವುದು ಉಳಿದಿತ್ತು. ಹೇಳಿದರೆ ಶಾಲೆ ಹೋಗುತ್ತದೆ.

ಒಂದು ಬೆಳಿಗ್ಗೆ ಒಂದೇ ಗಿಡದ ಆ ಬದಿ ಅಜ್ಜಿ, ಈ ಬದಿ ಮೊಮ್ಮಗಳು. ನಡುವೆ ಎಲೆ, ಮುಖ ಕಾಣುತ್ತಿರಲಿಲ್ಲ. ಮಂಜುಶ್ರೀ ಹಣ್ಣಿಗೆ ಹೇಳುವವಳಂತೆ ಹೇಳಿದಳು.

"ಅಜ್ಜೀ, ಅವತ್ತು ಬಸ್ ಲೇಟಾಗಿರ್ಲಿಲ್ಲ. ಕೆರೆ ತಿರುವಲ್ಲಿ ಆನೆ ಇತ್ತು."

ಎಲೆಯಾಚೆ ಹಣ್ಣು ಚೀಲಕ್ಕೆ ಬೀಳುವ ಸದ್ದು ನಿಂತಿತು.

"ಎಷ್ಟೊತ್ತು ನಿಂತಿದ್ದೆ?"

"ಗೊತ್ತಿಲ್ಲ. ಕತ್ಲಾಗೋಗಂಟ."

"ಒಬ್ಳೇಯಾ?"

"ಹೂಂ."

ಮಂಜುಶ್ರೀಯ ಎದೆ ಹೊಡೆದುಕೊಳ್ಳತೊಡಗಿತು. ಕಾಲು ನಡುಗಿ ಮಣ್ಣಿಗೆ ಕುಸಿದಳು. ಕೆಂಚಮ್ಮ ಗಿಡ ಸುತ್ತಿ ಬಂದಳು. ಎತ್ತಲು ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡು, ಪಕ್ಕದಲ್ಲೇ ತರಗೆಲೆಯ ಮೇಲೆ ಕೂತಳು. ಮಂಜುಶ್ರೀ ಕಲಿತಂತೆ ಉಸಿರನ್ನು 'ಫೂ' ಎಂದು ಉದ್ದಕ್ಕೆ ಬಿಟ್ಟಳು. ಅಜ್ಜಿಯೂ ಜೊತೆಗೆ ಬಿಟ್ಟಳು. ಸುಮಾರು ಹೊತ್ತಿನ ಮೇಲೆ ಕೆಂಚಮ್ಮ ಹೇಳಿದಳು: "ನಿಂತ್ಕೋ ಅಂತ ಹೇಳ್ಕೊಟ್ಟಿದ್ದೆ. ಆಮೇಲೆ ನಡಿ ಅಂತ ಹೇಳ್ಕೊಡೋಕೆ ನಾನ್ ಅಲ್ಲಿರ್ಲಿಲ್ಲ."

ಶಾಲೆ ಬಿಡು ಎಂದು ಅವಳು ಹೇಳಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಶಾಲೆಗೆ ಹೊರಡುವುದೆಂದಾಯಿತು. ಆನೆಗಳು ಹೊಳೆಯಾಚೆ ಇವೆಯೆಂದು ಅರಣ್ಯ ಇಲಾಖೆಯಿಂದ ಯೋಗಾನಂದನ ಫೋನಿಗೆ ಬೆಳಿಗ್ಗೆಯೇ ಮೆಸೇಜು ಬಂದಿತ್ತು. ಜೀಪು ತರುತ್ತೇನೆ ಎಂದರೆ ಮಂಜುಶ್ರೀ ಬೇಡವೆಂದಳು. ಕೆರೆ ತಿರುವಿನ ತನಕ ಅಜ್ಜಿ ಮತ್ತು ಕಮಲಮ್ಮ ಬಂದರು.

"ಇಲ್ಲಿಂದ ನೀನು ನಡಿ. ನಾನ್ ಇಲ್ಲೇ ನಿಂತು ನೆನ್ನೆ ಕತೆ ಕೂಗ್ತೀನಿ" ಎಂದಳು ಕಮಲಮ್ಮ. "ನನ್ ಗಂಟ್ಲಿಗೆ ಆನೆ ಅಲ್ಲ, ಅದ್ರ ತಾತನೂ ಓಡ್ಬೇಕು. ಆ ನಾದಿನಿ ಸಿಕ್ಕಾಕ್ಕೊಂಡ್ಲು ಕಣೇ! ಹೂಂ ಅನ್ನೇ!"

"ಹೂಂ!"

"ಸರ ಎಲ್ಲಿಟ್ಟಿದ್ಲು ಗೊತ್ತಾ? ಅಕ್ಕಿ ಡಬ್ಬದಲ್ಲಿ! ಹೂಂ?"

"ಹೂಂ!"

ನಡೆದಂತೆ ದನಿ ಹಿಂದಾಯಿತು. ನಾದಿನಿಯ ಗಂಡ ಬಂದ, ಪೊಲೀಸು ಬಂದರು, ಆಮೇಲೆ ಮಾತು ತಿಳಿಯದೆ ಬರೀ ಕೂಗಾಯಿತು, ಆಮೇಲೆ ಕೂಗೂ ಇಲ್ಲ. ಗೇಟು ಇನ್ನೂ ಕಾಣುತ್ತಿರಲಿಲ್ಲ. ಎರಡೂ ಬದಿ ರೋಬಸ್ಟಾ, ನಡುವೆ ರಸ್ತೆ, ಅದರಲ್ಲಿ ಅವಳು. ಎಡಗಾಲು ಒಮ್ಮೆಗೇ ತಣ್ಣಗಾಯಿತು. ಮಂಜುಶ್ರೀ ನಿಂತಳು.

ಬರುವವರು ಯಾರೂ ಇರಲಿಲ್ಲ. ಅವತ್ತಿನ ಹಾಗೆ ಅವಳು ಕಿವಿಗೊಡಲೂ ಇಲ್ಲ. ರಸ್ತೆಯ ಪಕ್ಕಕ್ಕೆ ತಿರುಗಿ ರೆಂಬೆಯಲ್ಲಿ ಕೆಂಪಗಿದ್ದ ಒಂದು ಹಣ್ಣನ್ನು ನೋಡಿದಳು, ಅದರಾಚೆಯದನ್ನು ನೋಡಿದಳು. ಉಸಿರು ಬಿಟ್ಟಳು. ಅಡ್ಡಕ್ಕೆ ಒಂದು ಹೆಜ್ಜೆ ಸರಿದಳು, ಇನ್ನೊಂದು ಸರಿದಳು. ಕಂಡವರು ನಗಬಹುದಾದ ನಡಿಗೆ ಅದು. ಕಾಣುವವರು ಯಾರಿದ್ದರು? ಹಾಗೇ ಸರಿಯುತ್ತ ಸರಿಯುತ್ತ ಯಾವಾಗ ಮುಂದಕ್ಕೆ ತಿರುಗಿದಳೋ ಅವಳಿಗೇ ತಿಳಿಯಲಿಲ್ಲ.

ಗೇಟಿನಾಚೆ ಬಸ್ಸಿನ ಹಾರ್ನ್ ಕೇಳಿತು. ಹಿಂದೆ ತಿರುವಿನಲ್ಲಿ ಕಮಲಮ್ಮ ಇನ್ನೂ ಕಥೆ ಹೇಳುತ್ತಿರಬಹುದು, ಅಜ್ಜಿ ಗದ್ದಕ್ಕೆ ಕೈಕೊಟ್ಟು ರಸ್ತೆ ನೋಡುತ್ತಿರಬಹುದು. ಇಲ್ಲಿಗೆ ಏನೂ ಕೇಳಿಸುತ್ತಿರಲಿಲ್ಲ.

"ಹೂಂ" ಎಂದಳು ಮಂಜುಶ್ರೀ, ಯಾರೂ ಇಲ್ಲದ ರಸ್ತೆಯಲ್ಲಿ, ದನಿಯೆತ್ತಿ. ಗೇಟಿನ ತನಕ ಅನ್ನುತ್ತಲೇ ಹೋದಳು.